ಮೊದಲ ಮೀನಿನ ಮುಳ್ಳು ಹೊರುವವಳು

ನಮ್ಮ ಆರ್ಲೀನಳಿಗೆ ಹೊಟ್ಟೆಕಿಚ್ಚು ಹುಟ್ಟುಗುಣ. ತಂಗಿ ಟ್ವೈಲಾಗೆ ಹೊಸ ಕಂಬಳಿ ಬಂದರೆ ಸಾಕು, ಇವಳಿಗೆ ತನ್ನದು ಚುಚ್ಚತೊಡಗುತ್ತಿತ್ತು. ನಾನು ಅವರ ಚಿಕ್ಕಮ್ಮನ ಮಗಳು, ಇಬ್ಬರ ನಡುವೆಯೇ ಬೆಳೆದವಳು, ಹಾಗಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ವಸಂತದಲ್ಲಿ ನಮ್ಮ ನದಿಯಲ್ಲಿ ಮೊದಲ ಸಾಲ್ಮನ್ ಮೀನು ಸಿಕ್ಕಾಗ ಊರೆಲ್ಲ ಸೇರಿ ತಿನ್ನುತ್ತೇವೆ. ಒಂದು ಮುಳ್ಳೂ ಕಳೆಯದಂತೆ ಆರಿಸಿ, ಸೀಡರ್ ಮರದ ಸೊಪ್ಪಿನ ಮೇಲಿಟ್ಟು ನದಿಗೆ ಬಿಡುತ್ತೇವೆ. ಮೀನು ತನ್ನವರ ಬಳಿ ಹೋಗಿ, ನಾವು ಮರ್ಯಾದೆಯಿಂದ ನಡೆದುಕೊಂಡೆವೆಂದು ಹೇಳಬೇಕಲ್ಲ. ಹಿಂದಿನ ವರ್ಷ ಯಾರ ದಂಡೆಯಡಿ ಮೀನು ಮೊಟ್ಟೆಯಿಟ್ಟಿತೋ ಆ ಮನೆಯವರೇ ಮುಳ್ಳಿಟ್ಟ ಸೊಪ್ಪು ಹೊರಬೇಕು. ಮೊದಲು ಈ ಅಕ್ಕತಂಗಿಯರ ತಾಯಿ ಹೊತ್ತಳು, ಆಮೇಲೆ ಆರ್ಲೀನ್ ಹೊತ್ತಳು.

ಅಷ್ಟರಲ್ಲಿ ಗಂಟುಕಳೆ ಎಂಬ ಹೊರನಾಡಿನ ಕಳೆ ಬಂತು. ಬಿದಿರಿನಂತೆ ಆಳೆತ್ತರ ಬೆಳೆದು ದಂಡೆಯ ಮಣ್ಣು ಹಿಡಿದಿಡುವ ವಿಲ್ಲೋ ಗಿಡಗಳನ್ನೆಲ್ಲ ನುಂಗಿತು. ಚಳಿಗಾಲದಲ್ಲಿ ಅದು ಒಣಗಿದರೆ ದಂಡೆ ಬೋಳು. ಮಣ್ಣು ಕುಸಿದು, ಮೀನು ಮೊಟ್ಟೆಯಿಡುವ ಜಲ್ಲಿಯ ಮೇಲೆಲ್ಲ ಕೆಸರು. ನದಿಯ ಕೆಳಗಿನ ತಿರುವಿನಲ್ಲಿರುವ ಟ್ವೈಲಾ ಊರಿನ ಕಳೆ ತಂಡಕ್ಕೆ ಸೇರಿ, ಒಂದೊಂದೇ ಕಾಂಡಕ್ಕೆ ಸೂಜಿಯಿಂದ ಕಳೆ ಸಾಯುವ ಮದ್ದು ಚುಚ್ಚಿದಳು. ಕಳೆ ಸತ್ತಲ್ಲಿ ವಿಲ್ಲೋ ನೆಟ್ಟಳು. ಕೆಲವು ವರ್ಷಗಳಲ್ಲಿ ಮೀನು ಅವಳ ದಂಡೆಯಡಿ ಮೊಟ್ಟೆಯಿಡಲು ಗುಂಡಿ ತೋಡಿತು. ಮೇಲಿನ ತಿರುವಿನ ಆರ್ಲೀನಳ ಕಡೆ ಒಂದೂ ಬರಲಿಲ್ಲ.

“ಮೀನೂ ಅವಳ ಕಡೇನೇ ಸೇರ್ಕೊಂಡ್ವಾ?” ಎಂದಳು ಆರ್ಲೀನ್.

“ತಂಡದೋರನ್ನ ಕರಿಯೇ. ನಿನ್ ಕಡೇನೂ ಬರ್ತವೆ,” ಎಂದೆ.

“ನನ್ ದಂಡೆಗೆ ಅವಳು ಡಾಕ್ಟರಮ್ಮನ ಥರ ಸೂಜಿ ಹಿಡ್ಕೊಂಡು ಬರ್ಬೇಕಾ? ನನ್ ಕೈಗೇನಾಗಿದೆ?”

ಆ ವಾರವೇ ಮಚ್ಚು ಹಿಡಿದು ಅಷ್ಟೂ ಕಳೆ ಕಡಿದು ನದಿಗೆ ಎಸೆದಳು. ಒಂದು ಗಂಟು ತೇಲಿಹೋದರೂ ಹೋದಲ್ಲಿ ಬೇರು ಬಿಡುತ್ತದೆ ಎಂದು ಟ್ವೈಲಾ ಮನೆಮನೆಗೆ ಹೇಳಿ ಹೋಗಿದ್ದಳು. ಹೇಳಿದವಳು ಟ್ವೈಲಾ ಎಂಬ ಕಾರಣಕ್ಕೇ ಇವಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ನದಿಗೆ ಒಪ್ಪಿಸಿದರೆ ಎಲ್ಲವೂ ತೀರಿತು ಎಂಬ ನಂಬಿಕೆ ನಮ್ಮವರಿಗೆ ಬೇರೆ ಇದೆ.

ಮರುವಸಂತ, ಮೊದಲ ಮೀನಿನ ಊಟಕ್ಕೆ ಒಂದು ದಿನ ಮೊದಲು, ಟ್ವೈಲಾ ಅಕ್ಕನ ಅಡುಗೆಮನೆಗೆ ಬಂದಳು. ಕೆಂಪು ಮೊಳಕೆ ಒಡೆದ ಕಾಂಡದ ತುಂಡುಗಳನ್ನು ಮೇಜಿನ ಮೇಲೆ ಸುರಿದಳು.

“ಅಕ್ಕಾ, ನನ್ ವಿಲ್ಲೋ ಬುಡದಲ್ಲೆಲ್ಲ ಇದೇ.”

“ನದಿ ನಂದೊಬ್ಬಳದಾ? ಮೇಲೆ ಎಷ್ಟು ಮನೆ ಇಲ್ಲ?”

“ಕಡಿದಿರೋ ಓರೆ ನೋಡು. ಎಡಗೈಲಿ ಮಚ್ಚು ಬೀಸೋಳು ಈ ಊರಲ್ಲಿ ನೀನೊಬ್ಬಳೇ.”

ಆರ್ಲೀನ್ ಒಲೆಯ ಕಡೆ ತಿರುಗಿ ಸಾರು ಕಲಕಿದಳು.

ಮರುದಿನ ಊಟ ಮುಗಿದು ಮುಳ್ಳು ಆರಿಸಿದ್ದಾಯಿತು. ಹಿರಿಯರಾದ ವಿಲ್ಫ್ರೆಡ್ ಮಾವ ಸೊಪ್ಪು ಹೊರಲು ಟ್ವೈಲಾಳನ್ನು ಕರೆದರು.

“ಅಕ್ಕನೇ ಹೊರಲಿ ಮಾವ. ನಂಗೆ ದಂಡೇಲಿ ಕೆಲಸ ಇದೆ,” ಎಂದು ಅವಳು ಗುದ್ದಲಿ ತೆಗೆದುಕೊಂಡು ಹೊರಟುಬಿಟ್ಟಳು.

ಆರ್ಲೀನ್ ಬೇಡವೆನ್ನಲಿಲ್ಲ. ಸೊಪ್ಪು ಹೊತ್ತು ಮುಂದೆ ನಡೆದಳು. ಹಿಂದೆ ಬರುತ್ತಿದ್ದವರ ಬಾಯಲ್ಲಿ ಒಂದೇ ಮಾತು, ಟ್ವೈಲಾಳದು ಎಂಥ ದೊಡ್ಡ ಮನಸ್ಸು ಅಂತ. ಮುಳ್ಳು ನೀರಿಗಿಳಿದಾಗಲೂ ಅರ್ಧ ಜನರ ಕಣ್ಣು ಕೆಳಗಿನ ತಿರುವಿನಲ್ಲಿ ಬಗ್ಗಿ ಅಗೆಯುತ್ತಿದ್ದ ತಂಗಿಯ ಮೇಲೇ ಇತ್ತು. ಆರ್ಲೀನಳ ಮುಖ ಕೆಂಪಾದದ್ದನ್ನು ನಾನು ನೋಡಿದೆ.

ಹಬ್ಬದ ಶಾಲು ಹೊದ್ದುಕೊಂಡೇ ಅವಳು ದಂಡೆಗುಂಟ ಇಳಿದುಹೋಗಿ, ತಂಗಿಯ ಪಕ್ಕ ಕೆಸರಿನಲ್ಲಿ ಮಂಡಿಯೂರಿ ಗುದ್ದಲಿ ಕಿತ್ತುಕೊಂಡಳು.

“ಏಳೇ ಅತ್ಲಾಗೆ. ನಾನು ಎಸೆದಿದ್ದು, ನಾನೇ ಕೀಳ್ತೀನಿ. ಇದಕ್ಕೂ ನಿಂಗೇ ಹೆಸರು ಬರೋದು ಬೇಡ.”