ನಡುಗೋ ಕೈ ಹೊರಗೇ ಇರಲಿ

ಷಣ್ಮುಗಕನಿಗೆ, ಅಂದರೆ ಮನೆಯವರ ಕನಿಗೆ, ಒಂದು ವಾರದ ಕೂಲಿ ಇನ್ನೂ ಬರಬೇಕು. ಕೊಡಬೇಕಾದವನು ಫೋರ್‌ಮನ್ ತಂಗಪಾಂಡಿ. ಶನಿವಾರ ಶನಿವಾರ ಅವನ ಮುಂದೆ ಹೋಗಿ ನಿಲ್ಲುವವಳು ಕನಿಯ ಅತ್ತೆ ಪೇಚ್ಚಿಯಮ್ಮಾಳ್.

ತಮಿಳುನಾಡಿನ ಸಾತ್ತೂರಿನ ಆಚೆ ಕರಿಸಲ್‌ಕುಳಂನಲ್ಲಿ ನೆಲ ಕರಿಮಣ್ಣು, ಕೆಲಸ ಕರಿಮದ್ದು. ಬೆಳಕು ಹರಿಯುವ ಮುಂಚೆಯೇ ಪಟಾಕಿ ಕಾರ್ಖಾನೆಯ ಬಸ್ಸು ಊರ ಮುಂದೆ ನಿಂತು ಹಾರನ್ ಒತ್ತುತ್ತದೆ. ಪೇಚ್ಚಿ ಮದುವೆಯಾಗಿ ಬಂದ ಮರುತಿಂಗಳೇ ಆ ಬಸ್ಸು ಹತ್ತಿದವಳು. ಲಾರಿ ಹತ್ತಿ ಹೋದ ಗಂಡ ಲಾರಿಯ ಜೊತೆಗೇ ಉಳಿದ. ಮಗ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುತ್ತಾನೆ, ನೆನಪಾದಾಗ ಬರುತ್ತಾನೆ. ಮನೆಯಲ್ಲಿ ಇರುವುದು ಪೇಚ್ಚಿ ಮತ್ತು ಸೊಸೆ ಕನಿ. ಕನಿ ಎಲ್ಲಿಂದಲೋ ತಂದ ಹೆಣ್ಣಲ್ಲ, ಪೇಚ್ಚಿಯ ಸ್ವಂತ ಅಣ್ಣನ ಮಗಳು. ಎತ್ತಿ ಆಡಿಸಿದ ಕೂಸು.

ಪೇಚ್ಚಿಗೆ ಮದ್ದಿನ ಕೆಲಸ ಕಲಿಸಿದ್ದು ಇರುಳಾಯಿ ಅನ್ನುವ ಮುದುಕಿ. ಅವಳ ಒಂದು ಕಿವಿ ಕರಗಿ ಕೆನ್ನೆಗೆ ಅಂಟಿಕೊಂಡಿತ್ತು. ಮೊದಲ ದಿನವೇ ಅವಳು ಹೇಳಿದ್ದು ಇಷ್ಟು: “ಮದ್ದು ತುಂಬೋದು ಯಾವ ಕತ್ತೆಗೂ ಬರುತ್ತೆ ಕಣೇ. ಸುಮ್ಮನೆ ಕೂರೋದು ಕಲಿ. ಕೈ ನಡುಗ್ತಿದ್ರೆ, ಎದೆ ಹೊಡ್ಕೋತಿದ್ರೆ, ಗಂಡನ್ನ ಬೈತಾ ಇದ್ರೆ ಒಳಗೆ ಕಾಲಿಡಬೇಡ. ನೀನು ಸಾಯೋದಲ್ದೆ ನನ್ನ ಇನ್ನೊಂದು ಕಿವೀನೂ ತಗೊಂಡು ಹೋಗ್ತೀಯ.”

ಪೇಚ್ಚಿ ಅದನ್ನು ಮೈಗೆ ಹಚ್ಚಿಕೊಂಡಳು. ಎದ್ದ ಕೂಡಲೇ ಯಾರೊಂದಿಗೂ ಮಾತಿಲ್ಲ. ರಾತ್ರಿಯ ಸಜ್ಜೆ ಅಂಬಲಿಗೆ ಮಜ್ಜಿಗೆ ಹುಯ್ದುಕೊಂಡು, ಸಣ್ಣ ಈರುಳ್ಳಿ ಕಚ್ಚುತ್ತ, ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು ಕುಡಿಯಬೇಕು. ಬಸ್ಸು ಹಾರನ್ ಒತ್ತಿದರೆ ಒತ್ತಲಿ. ಶುಕ್ರವಾರ ತಲೆಗೆ ಎಳ್ಳೆಣ್ಣೆ. ಕಾರ್ಖಾನೆಯ ಬಾಗಿಲಲ್ಲಿ ಮನೆಯ ಸುದ್ದಿಯನ್ನು ಬಳೆಯ ಜೊತೆಗೇ ಬಿಚ್ಚಿಡಬೇಕು. ಮದ್ದಿನ ಕೋಣೆಯ ಮುಂದೆ ಒಂದು ತಾಮ್ರದ ತಗಡು ಹೊಡೆದಿದ್ದಾರೆ, ಮೈಯಲ್ಲಿನ ವಿದ್ಯುತ್ತು ಇಳಿದುಹೋಗಲಿ ಅಂತ ಎಲ್ಲರೂ ಅದನ್ನು ಮುಟ್ಟಿ ಒಳಗೆ ಹೋಗುತ್ತಾರೆ. ಉಳಿದವರು ಮುಟ್ಟಿ ಓಡುತ್ತಿದ್ದರು. ಪೇಚ್ಚಿ ಅಂಗೈ ಊರಿ ನಿಲ್ಲುತ್ತಿದ್ದಳು, ಬಿಸಿ ಗಂಜಿ ಆರಿಸುವ ಹಾಗೆ ಉಸಿರು ಮೆಲ್ಲಗೆ ಬಿಡುತ್ತಿದ್ದಳು, ಎದೆ ತಣ್ಣಗಾದ ಮೇಲೆ ಹೊಸ್ತಿಲು ದಾಟುತ್ತಿದ್ದಳು. ಸಾಯಂಕಾಲ ಬಂದರೆ ಮೊದಲು ಸ್ನಾನ. ಅಲ್ಯೂಮಿನಿಯಂ ಬೆರೆತ ಬೆಳ್ಳಿಮದ್ದಿನ ಪುಡಿ ಮೆತ್ತಿ ಹೊಳೆಯುವ ಮೈಯಲ್ಲಿ ಅವಳು ಒಲೆ ಮುಟ್ಟಿದ್ದೇ ಇಲ್ಲ.

ಇದೆಲ್ಲಕ್ಕಿಂತ ದೊಡ್ಡದು ಬೇವಿನ ಮರದ ಹೊತ್ತು. ಬಿಸಿಲು ಕೋಣೆಯ ಮೆಟ್ಟಿಲು ಹತ್ತಿತೆಂದರೆ ಪೇಚ್ಚಿ ಕೈಯಲ್ಲಿದ್ದುದನ್ನು ಅಲ್ಲೇ ಇಳಿಸಿ ಹೊರಗೆ ಬರುವಳು. ತೊಟ್ಟಿಯಲ್ಲಿ ಮೊಣಕೈವರೆಗೆ ತೊಳೆದು, ಒದ್ದೆ ಟವಲನ್ನು ಕತ್ತಿಗೆ ಹಾಕಿಕೊಂಡು, ಅಂಗಳದ ಬೇವಿನ ಕೆಳಗೆ ಬರೀ ನೆಲದ ಮೇಲೆ ಬೆನ್ನು ಚಾಚುವಳು. ಕೋಣೆಯವರೆಲ್ಲ ಹಿಂದೆಯೇ ಬರುವರು. ಜಡೆ ಬಿಚ್ಚಿ ಕಟ್ಟುವರು, ಎಲೆ ಅಡಿಕೆ ಹಾಕುವರು, ಒಬ್ಬಳು ಗೊರಕೆ ಹೊಡೆದರೆ ಇನ್ನೊಬ್ಬಳು ಅವಳ ಮೂಗಿಗೆ ಬೇವಿನ ಕಡ್ಡಿ ತೂರುವಳು. ಎದ್ದು ಹೋದಾಗ ಕೈಗಳು ಹಗುರಾಗಿರುತ್ತಿದ್ದವು. ಆ ಕೋಣೆಯಲ್ಲಿ ಅಷ್ಟು ವರ್ಷ ಒಂದು ಕಿಡಿ ಹಾರಿರಲಿಲ್ಲ.

ಅದೇ ಕೋಣೆಗೆ ಕೆಲಸಕ್ಕೆ ಬರುತ್ತಿದ್ದ ಕನಿ ಹಾಗೆ ಕೂರುವವಳಲ್ಲ. ಅವಳಿಗೊಂದು ಹೊಲಿಗೆ ಮೆಷಿನ್ ಬೇಕಿತ್ತು. ಪಟಾಕಿ ಕೊಳವೆ ಜೋಡಿಸಿದ ಹಲಗೆ ಎಷ್ಟು ತುಂಬಿದರೋ ಆ ಲೆಕ್ಕಕ್ಕೆ ಕೂಲಿ. ಎಷ್ಟು ಬೇಗ ತುಂಬುತ್ತಾಳೋ ಅಷ್ಟು ಬೇಗ ಮೆಷಿನ್.

“ಈ ದೀಪಾವಳಿ ಒಂದೇ ಅತ್ತೆ. ಆಮೇಲೆ ಈ ಕಡೆ ತಲೆ ಹಾಕಿ ಮಲಗಲ್ಲ.”

“ತಲೆ ಇರ್ಬೇಕಲ್ಲ ತಾಯಿ, ಹಾಕೋಕೆ. ಎದ್ದು ಬಾ ಹೊರಗೆ.”

ಬೈಸಿಕೊಂಡು, ಮೂತಿ ಉಬ್ಬಿಸಿಕೊಂಡು, ಬಂದು ಮಲಗುತ್ತಿದ್ದಳು.

ಆಷಾಢ ಕಳೆಯುವ ಹೊತ್ತಿಗೆ, ಆಡಿ ತಿಂಗಳಲ್ಲಿ, ಮಾಲೀಕ ಕೋಣೆಗಳನ್ನು ಒಳಗುತ್ತಿಗೆಗೆ ಬಿಟ್ಟ. ಗುತ್ತಿಗೆ ಹಿಡಿದವನ ಕಡೆಯಿಂದ ಫೋರ್‌ಮನ್ ಆಗಿ ಬಂದವನೇ ತಂಗಪಾಂಡಿ. ಒರಟನಲ್ಲ. ಎಲ್ಲರನ್ನೂ ಅಕ್ಕ, ತಂಗಿ ಅನ್ನುತ್ತಿದ್ದ, ಹೆಣ್ಣುಮಕ್ಕಳೂ ಅವನನ್ನು ಅಣ್ಣಾಚಿ ಅಂದರು. ನಾಲ್ಕು ಜನ ಕೂರಬೇಕಾದ ಕೋಣೆಗೆ ಇನ್ನಿಬ್ಬರನ್ನು ತುರುಕಿದ್ದೂ ನಗುನಗುತ್ತಲೇ. ಬೇವಿನ ಮರದ ಹೊತ್ತನ್ನು ಅವನು ಬೇಡ ಅನ್ನಲಿಲ್ಲ. ಮರ ಕಡಿಸಿದ.

ಬತ್ತಿ ಒಣಗಿಸಲು ಅಂಗಳ ಬೇಕು, ಎಲೆ ಉದುರಿ ಮಾಲು ಹಾಳಾಗುತ್ತದೆ ಅಂದ. ಆ ಮರಕ್ಕೆ ಮಾರಿಯಮ್ಮನ ಹಳದಿ ಬಟ್ಟೆ ಸುತ್ತಿತ್ತು. ಕೊಡಲಿ ಹಾಕಲು ಕೂಲಿಯಾಳು ಹೆದರಿದಾಗ ತಂಗಪಾಂಡಿಯೇ ಬಟ್ಟೆ ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡ, ಬುಡದಲ್ಲಿ ಕರ್ಪೂರ ಇಟ್ಟು ಕೈ ಮುಗಿದ. ಕಾರ್ಖಾನೆಯ ಒಳಗೆ ಬೆಂಕಿಕಡ್ಡಿ ಗೀಚುವ ಹಾಗಿಲ್ಲವಲ್ಲ. ಕರ್ಪೂರ ಹೊತ್ತಲಿಲ್ಲ. ಬಿಳಿ ಬಿಲ್ಲೆ ಬುಡದ ಮೇಲೆ ಹಾಗೇ ಕೂತು, ದಿನದಿನಕ್ಕೆ ಕರಗಿ, ಗಾಳಿಗೆ ಹೋಯಿತು.

“ಹೊತ್ತಿಸದ ಕರ್ಪೂರ ಅಮ್ಮನಿಗೆ ಸಾಲ ಇದ್ದಂಗೆ” ಅಂದಳು ರಾಜಾತ್ತಿ. ಕೋಣೆಯ ಬಾಯಿಬಡುಕಿ ಅವಳು. “ಅವಳೇ ಬಂದು ಹೊತ್ತಿಸ್ಕೋತಾಳೆ ಬಿಡು.” ಎಲ್ಲರೂ ನಕ್ಕರು. ಪೇಚ್ಚಿ ನಗಲಿಲ್ಲ.

ಮರ ಹೋದ ಮೇಲೆ ಹೊರಗೆ ಬರುವವರಿಲ್ಲವಾಯಿತು. ಯಾರೂ ತಡೆಯಲಿಲ್ಲ, ಅಂಗಳದಲ್ಲಿ ಕಾಲಿಟ್ಟರೆ ಚರ್ಮ ಸುಲಿಯುತ್ತಿತ್ತು, ಅಷ್ಟೇ. ಪೇಚ್ಚಿ ಒಬ್ಬಳೇ ಬುಡದ ಮೋಟಿನ ಮೇಲೆ ಒದ್ದೆ ಟವಲು ತಲೆಗೆ ಹಾಕಿಕೊಂಡು ಕೂರುವಳು.

“ಅಕ್ಕ, ಹಪ್ಪಳ ಆಗೋಕೆ ಕೂತಿದ್ದೀರಾ?” ತಂಗಪಾಂಡಿ ಕೇಳುವನು.

“ನೆರಳು ತಿಂದವರು ನೀವು. ಬಿಸಿಲು ನಾನು ತಿಂತೀನಿ, ಹೋಗಿ ಅಣ್ಣಾಚಿ.”

ಕೋಣೆಯ ಒಳಗೆ ಬೇರೆಯೇ ಆಗಿತ್ತು. ಮಾತಿನಲ್ಲಿ ಮುಳ್ಳು ಬಂದಿತ್ತು. ಮದ್ದಿನ ಬೋಸಿ ಕೈಬದಲಾಗುವಾಗ ಮೊದಲಿನ ಮೆತ್ತನೆ ಇರಲಿಲ್ಲ, ನೆಲಕ್ಕೆ ತಗಲಿ ಟಕ್ ಅನ್ನುತ್ತಿತ್ತು. ಹಿಂದೆ ಆ ಸದ್ದಿಗೆ ಎಲ್ಲರ ಕತ್ತೂ ತಿರುಗುತ್ತಿತ್ತು. ಈಗ ಪೇಚ್ಚಿಯದೊಂದೇ ತಿರುಗುತ್ತಿತ್ತು. ಮನೆಯಲ್ಲಿ ಕನಿ ನಿದ್ದೆಯಲ್ಲೂ ಬೆರಳು ಆಡಿಸುತ್ತಿದ್ದಳು, ತುಂಬುವ ಹಾಗೆ, ಒತ್ತುವ ಹಾಗೆ. ಪೇಚ್ಚಿ ಆ ಕೈಯನ್ನು ತನ್ನ ಹೊಟ್ಟೆಯ ಮೇಲೆ ಎಳೆದಿಟ್ಟುಕೊಂಡು ಮಲಗುವಳು. ಅದು ಅಲ್ಲೂ ಆಡುತ್ತಿತ್ತು.

ಇನ್ನೊಂದೂ ಶುರುವಾಯಿತು. ಕಲಸಿದ ಮದ್ದು ಅಂದಂದೇ ಮುಗಿಯಬೇಕು, ಉಳಿದದ್ದನ್ನು ಸಂಜೆ ದೂರ ಒಯ್ದು ಸುಡಬೇಕು. ಸುಟ್ಟರೆ ನಷ್ಟ. ತಂಗಪಾಂಡಿ ಉಳಿದದ್ದಕ್ಕೆ ಒದ್ದೆ ಗೋಣಿ ಮುಚ್ಚಿಸಿ, ಬೆಳಗ್ಗೆ ಹೊಸದಕ್ಕೆ ಬೆರೆಸಿ ಅಂದ. ಕರಿಮದ್ದು ಒದ್ದೆಯಾದರೆ ನಿದ್ದೆ ಹೋಗುತ್ತದೆ, ಹೊತ್ತುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆ ನಂಬಿಕೆಯನ್ನೇ ಬೆಳ್ಳಿಮದ್ದಿಗೂ ಹೊದಿಸಿದರು. ಬೆಳ್ಳಿಮದ್ದು ತೇವ ಕುಡಿದರೆ ಒಳಗೊಳಗೇ ಕಾವು ಕಟ್ಟುತ್ತದೆ. ಬೆಳಗ್ಗೆ ಗೋಣಿ ಎತ್ತಿದರೆ ಮೂತ್ರದ ವಾಸನೆ.

“ಬೋಸಿಯೊಳಗೆ ಯಾವಳೇ ಉಚ್ಚೆ ಹುಯ್ದೋಳು?” ರಾಜಾತ್ತಿ ಕೂಗಿದಾಗ ಕೋಣೆ ನಗೆಯಲ್ಲಿ ಬಿದ್ದುಹೋಯಿತು.

“ಇದು ನಗೋ ವಾಸನೆ ಅಲ್ಲ ಕಣ್ರೇ. ಇರುಳಾಯಿ ಕಿವಿ ಹೋದ ದಿನಾನೂ ಹಿಂಗೇ ನಾರ್ತಿತ್ತಂತೆ” ಅಂದಳು ಪೇಚ್ಚಿ.

“ಗೋಣಿ ವಾಸನೆ ಅಕ್ಕ ಅದು” ಅಂದ ತಂಗಪಾಂಡಿ, ಬಾಗಿಲಾಚೆಯಿಂದಲೇ. ಅವನು ಯಾವತ್ತೂ ಹೊಸ್ತಿಲು ದಾಟಿ ಬಂದವನಲ್ಲ.

ಪೇಚ್ಚಿ ಮನೆಯಲ್ಲಿ ಹೇಳಿದಳು, ಬಸ್ಸಿನಲ್ಲಿ ಹೇಳಿದಳು. ಕನಿ ಕಿವಿಗೇ ಹಾಕಿಕೊಳ್ಳಲಿಲ್ಲ. “ದಿನಾ ನಾರ್ತಿದೆ, ದಿನಾ ಏನೂ ಆಗ್ತಿಲ್ಲ. ನೀವು ಹೆದರಿಸಿ ಹೆದರಿಸಿಯೇ ಕೈ ನಡುಗೋ ಹಂಗೆ ಮಾಡ್ತೀರಿ ಅತ್ತೆ.”

ದೀಪಾವಳಿಗೆ ಮುಂಚಿನ ಪುರಟ್ಟಾಸಿ ತಿಂಗಳ ಆ ಶುಕ್ರವಾರ ಪೇಚ್ಚಿ ತಲೆಗೆ ಎಣ್ಣೆ ಹಚ್ಚಿಕೊಂಡು ಮಿಂದು ಬಂದಿದ್ದಳು. ಮೈ ತಣ್ಣಗಿತ್ತು, ಮನಸ್ಸೂ. ಬಿಸಿಲು ಮೆಟ್ಟಿಲು ಹತ್ತಿದಾಗ ಏಳಹೊರಟವಳು ಹಿಂದಿನ ದಿನದ ಬೆಳ್ಳಿಮದ್ದು ಬೆರೆಸಿದ ಮೂಲೆಯ ಬೋಸಿಯನ್ನು ಸರಿಸಲು ಕೈ ಇಟ್ಟಳು. ಬೋಸಿ ಬಿಸಿಯಾಗಿತ್ತು. ಬಿಸಿಲಿಗೆ ಕಾದ ಬಿಸಿಯಲ್ಲ. ಜ್ವರದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ.

“ಎಲ್ಲಾ ಹೊರಗೆ ನಡೀರಿ. ಮೆಲ್ಲಗೆ.”

ಯಾರೂ ತಲೆ ಎತ್ತಲಿಲ್ಲ. ಎಷ್ಟು ದಿನ ಕೇಳಿದ್ದರೋ ಅದನ್ನು.

“ಕನೀ, ಏಳೇ.”

“ಇದೊಂದು ಹಲಗೆ ಮುಗಿಸಿ ಬರ್ತೀನಿ, ಹೋಗಿ.”

ಕಿರುಚಿದರೆ ಬೆದರುತ್ತಾರೆ, ಬೆದರಿದರೆ ಬೋಸಿ ಉರುಳುತ್ತದೆ. ಎಳೆದರೆ ಇಬ್ಬರ ಕೈಯೂ ತಪ್ಪುತ್ತದೆ. ಪೇಚ್ಚಿ ಹೆಜ್ಜೆ ಎಣಿಸಿಟ್ಟ ಹಾಗೆ ಹೊರಗೆ ಹೋದಳು. ತೊಟ್ಟಿ ದಾಟಿ, ಮೋಟನ್ನೂ ದಾಟಿ, ಅಂಗಳದ ಆ ತುದಿಗೆ ಹೋಗಿ ನಿಂತು ಸೊಂಟಕ್ಕೆ ಕೈ ಕೊಟ್ಟಳು. ಕಾರ್ಖಾನೆಯ ಒಳಗೆ ಒಂದು ದಿನವೂ ಮನೆಯ ಸುದ್ದಿ ಎತ್ತದ ಹೆಂಗಸು ಇಡೀ ಅಂಗಳಕ್ಕೆ ಕೇಳುವ ಹಾಗೆ ಬಾಯಿ ಬಿಟ್ಟಳು.

“ಲೇ ಕನೀ! ನಿಮ್ಮವ್ವ ಮದುವೇಲಿ ಕೊಟ್ಟ ಹಿತ್ತಾಳೆ ಹಂಡೆ ತೂತು ಕಣೇ! ತೂತು ಹಂಡೆಗೆ ಹುಣಸೆಹಣ್ಣು ಹಚ್ಚಿ ತೊಳೆದು, ಹೂವಿನ ಹಾರ ಹಾಕಿ ಕಳಿಸಿದ್ಲು, ಭಿಕಾರಿ!”

ಕೋಣೆಯ ಒಳಗೆ ಬೆರಳುಗಳು ನಿಂತವು. ಆ ಹಂಡೆಗಾಗಿ ಕನಿಯ ತಾಯಿ ಕಿವಿಯ ಓಲೆ ಮಾರಿದ್ದು ಊರಿಗೇ ಗೊತ್ತಿತ್ತು, ಪೇಚ್ಚಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಏನಂದ್ರಿ?” ಕನಿ ಹಲಗೆ ಕೆಳಗಿಟ್ಟು ಬಾಗಿಲಿಗೆ ಬಂದಳು.

“ಕೇಳಿಸಲ್ವಾ? ಹತ್ರ ಬಾ, ಹೇಳ್ತೀನಿ. ನೀರು ಹುಯ್ದ್ರೆ ಒಲೇನೇ ಆರ್ತಿತ್ತು. ನಿಮ್ಮವ್ವನ ಮರ್ಯಾದೆ ಥರಾನೇ ಸೋರ್ತಿತ್ತು!”

“ನಮ್ಮವ್ವನ ಸುದ್ದಿಗೆ ಬಂದ್ರೆ ಅತ್ತೆ ಅಂತ ನೋಡಲ್ಲ!” ಕನಿ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು. ಅತ್ತೆ ಸೊಸೆ ಜುಟ್ಟು ಹಿಡಿಯುವುದನ್ನು ಬಿಟ್ಟು ಮದ್ದು ತುಂಬುತ್ತ ಕೂರುವವರು ಯಾರು? ರಾಜಾತ್ತಿ ಮೊದಲು, ಉಳಿದವರು ಅವಳ ಹಿಂದೆ. ಅಕ್ಕಪಕ್ಕದ ಕೋಣೆಗಳೂ ಖಾಲಿಯಾದವು. ತಂಗಪಾಂಡಿ ಕೈ ಎತ್ತಿಕೊಂಡು ಓಡಿಬಂದ. “ಅಕ್ಕ, ಹೊತ್ತು ಗೊತ್ತು ಇಲ್ವಾ ನಿಮಗೆ?”

ಕನಿ ಬಂದವಳೇ ಪೇಚ್ಚಿಯ ಕೈ ಹಿಡಿದಳು. ಆ ಕೈ ಗಡಗಡ ನಡುಗುತ್ತಿತ್ತು.

ಆಗ ಹಿಂದೆ ಬೆಳಕು ಬಂತು. ಸದ್ದು ಆಮೇಲೆ ಬಂತು.

ಹೆಂಚೆಲ್ಲ ಆಕಾಶಕ್ಕೆ ಹೋಗಿ ಬೇವಿನ ಮೋಟಿನ ಸುತ್ತ ಉದುರಿದವು. ಕೋಣೆಯ ಒಂದು ಗೋಡೆ ಉಳಿಯಿತು, ಅದರ ಮೇಲೆ ತಾಮ್ರದ ತಗಡು ಮಡಿಸಿಕೊಂಡು ನೇತಾಡುತ್ತಿತ್ತು. ಸತ್ತವರಿಲ್ಲ. ಮರುದಿನದ ಪತ್ರಿಕೆಯಲ್ಲಿ ಅದೊಂದು ಸುದ್ದಿಯೂ ಆಗಲಿಲ್ಲ. ಕನಿ ಕಿವಿ ಮುಚ್ಚಿಕೊಂಡು ನೆಲದಲ್ಲಿ ಕೂತವಳು ಕೈ ತೆಗೆದು ಕೇಳಿದ್ದು ಒಂದೇ: “ಹಂಡೆ ನಿಜವಾಗ್ಲೂ ತೂತಾ ಅತ್ತೆ?”

“ಮೊನ್ನೆ ಅದರಲ್ಲೇ ತಾನೇ ನೀರು ಕಾಸಿ ಮಿಂದಿದ್ದು, ದಡ್ಡಿ.”

ಶನಿವಾರ ತಂಗಪಾಂಡಿ ಆ ಕೋಣೆಯ ಯಾರಿಗೂ ವಾರದ ಕೂಲಿ ಕೊಡಲಿಲ್ಲ. ಕೆಲಸದ ಹೊತ್ತಿನಲ್ಲಿ ಜಗಳಕ್ಕೆ ಎದ್ದು ಹೋದರು, ನೋಡಿಕೊಳ್ಳುವವರಿಲ್ಲದೆ ಮದ್ದು ಹೊತ್ತಿತು, ನಷ್ಟ ಯಾರು ಕಟ್ಟಿಕೊಡುತ್ತಾರೆ ಅಂದ. ಆಮೇಲೆ ದನಿ ತಗ್ಗಿಸಿ, ನಗುತ್ತ, “ಹಬ್ಬದವರೆಗೆ ಬನ್ನಿ ತಂಗೀ, ಎಲ್ಲಾ ಸೇರಿಸಿ ಕೊಡ್ತೀನಿ” ಅಂದ. ಹೊಲಿಗೆ ಮೆಷಿನ್ನಿಗೆ ಆ ಒಂದು ವಾರವೇ ಕಡಿಮೆ ಬಿದ್ದದ್ದು. ಕನಿ ಹೋದಳು. ರಾಜಾತ್ತಿಯೂ ಹೋದಳು. ಅಂಗಳದ ಆಚೆ ಹೊಸ ಕೋಣೆ, ಹೊಸ ತಗಡು, ಅವೇ ಒದ್ದೆ ಗೋಣಿ.

ಪೇಚ್ಚಿಯ ಕೈ ಆ ದಿನದಿಂದ ನಿಂತಿಲ್ಲ. ಅಂಬಲಿ ಕುಡಿಯುವಾಗ ಲೋಟ ಹಲ್ಲಿಗೆ ಬಡಿಯುತ್ತದೆ. ನಡುಗುವ ಕೈ ಒಳಗೆ ಹೋಗಬಾರದು. ಅದು ಅವಳೇ ಪಾಲಿಸಿ ಬಂದದ್ದು. ಆದರೂ ಬಸ್ಸು ಹತ್ತುತ್ತಾಳೆ. ಕೆಲಸವಿಲ್ಲ, ಕೂಲಿಯಿಲ್ಲ. ಬಾಕಿ ಕೇಳುವವಳು ಅಂತ ಕಾವಲುಗಾರ ಬಿಡುತ್ತಾನೆ. ಬೇವಿನ ಮೋಟಿನ ಮೇಲೆ, ತಲೆಗೆ ಒದ್ದೆ ಟವಲು ಹಾಕಿಕೊಂಡು ಕೂರುತ್ತಾಳೆ. ಬಿಸಿಲು ಹೊಸ ಕೋಣೆಯ ಮೆಟ್ಟಿಲು ಹತ್ತಿದಾಗ ಕೂಗುತ್ತಾಳೆ.

“ಕನೀ, ಹೊರಗೆ ಬಾರೇ.”

ಕೆಲವು ದಿನ ಕನಿ ಬರುತ್ತಾಳೆ. ಕೆಲವು ದಿನ ಒಳಗಿಂದ ಬೋಸಿ ನೆಲಕ್ಕೆ ತಗಲುವ ಸದ್ದು ಮಾತ್ರ ಬರುತ್ತದೆ. ಪೇಚ್ಚಿ ಮತ್ತೆ ಕೂಗುತ್ತಾಳೆ. ಹಂಡೆಯ ಸುಳ್ಳು ಒಂದೇ ಸಲಕ್ಕೆ ಆಗುವಂಥದ್ದು, ಅದು ಖರ್ಚಾಯಿತು.

ನೀವು ಈ ಹಬ್ಬಕ್ಕೂ ಪಟಾಕಿ ಅಂಗಡಿಯ ಮುಂದೆ ನಿಲ್ಲುತ್ತೀರಿ, ಮಕ್ಕಳ ಕೈ ಹಿಡಿದುಕೊಂಡು. ಪೆಟ್ಟಿಗೆ ಕೈಗೆ ಬಂದಾಗ ಅಂಗಡಿಯವನನ್ನು ಕೇಳಿ: ಇದನ್ನು ತುಂಬಿದವಳಿಗೆ ಬೆನ್ನು ಚಾಚಲು ನೆರಳಿತ್ತಾ? ಅವಳ ವಾರದ ಕೂಲಿ ಕೊಟ್ಟಿದ್ದಾರಾ? ಗೊತ್ತಿಲ್ಲ ಸಾರ್ ಅನ್ನುತ್ತಾನೆ. ಗೊತ್ತು ಮಾಡಿಕೊಂಡು ಬಾ, ಅಲ್ಲಿಯವರೆಗೆ ನನ್ನ ಕಾಸು ಬಿಚ್ಚಲ್ಲ ಅನ್ನಿ. ಮಕ್ಕಳು ಅಳಲಿ, ಪರವಾಗಿಲ್ಲ. ಅನ್ನುತ್ತೀರೋ ಇಲ್ಲವೋ, ಈಗಲೇ ಹೇಳಿ.