ಹುಲ್ಲಿನ ಮಂಗನಿಗೆ ಸ್ನಾನ ಮಾಡಿಸಿದ ದಿನ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಮಂಗ ಸತ್ತರೆ ಮನುಷ್ಯ ಸತ್ತಷ್ಟೇ ಕೆಲಸ ಇರುತ್ತಿತ್ತು. ನಗಬೇಡಿ. ನಿಮಗೆ ಮಂಗ ಅಂದರೆ ಮೊಬೈಲಿನಲ್ಲಿ ಬಾಳೆಹಣ್ಣು ಕಿತ್ತುಕೊಂಡು ಓಡುವ ಪ್ರಾಣಿ. ನಮಗೆ ಅದು ಹನುಮಪ್ಪ. ಯಾರ ಜಾಗದಲ್ಲಿ ಮಂಗ ಸಾಯುತ್ತದೋ ಆ ಮನೆಯವರೇ ಅದಕ್ಕೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಬಾಯಿಗೆ ತುಳಸಿ ನೀರು ಬಿಟ್ಟು, ಬಿಳಿ ಬಟ್ಟೆ ಹೊದಿಸಿ, ಬಿದಿರಿನ ಚಟ್ಟದ ಮೇಲೆ ಹೊತ್ತು ಮಣ್ಣು ಮಾಡಬೇಕಿತ್ತು. ಹಿಂದಿನಿಂದ ಊರವರು ಭಜನೆ ಹಾಡುತ್ತ ಬರುತ್ತಿದ್ದರು. ಅಂಥ ಊರಿನಲ್ಲಿ ಹುಟ್ಟಿದೆ ಎಂಬ ಹೆಮ್ಮೆ ನನಗೆ ಈಗಲೂ ಇದೆ.

ಆದರೆ ಆ ಹೆಮ್ಮೆಯ ಜೊತೆಗೇ ಅಕ್ಕನ ನೆನಪೂ ಬರುತ್ತದೆ. ನಾನು ಹೇಳಹೊರಟ ದಿನಕ್ಕೆ ಹಿಂದಿನ ವರ್ಷ ಒಂದು ಮಂಗ ಸತ್ತಾಗ ಅದರ ಮೈ ಒರೆಸಿ ಅರಿಶಿನ ಹಚ್ಚಿದ್ದವಳು ಅಕ್ಕ. ಒಂದು ವಾರ ಕಳೆಯುವುದರೊಳಗೆ ಅವಳಿಗೆ ಜ್ವರ ಬಂತು. ತಲೆ ಸಿಡಿಯುತ್ತದೆ ಎಂದು ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ಒಸಡಿನಿಂದ ರಕ್ತ ಬಂತು. ಹೇಗೋ ಬದುಕಿಕೊಂಡಳು. ಆದರೆ ಅವಳ ಕಸುವನ್ನೆಲ್ಲ ಜ್ವರ ತೆಗೆದುಕೊಂಡು ಹೋಗಿತ್ತು. ತುಂಬಿದ ಕೊಡ ಎತ್ತಲಾರಳು. ಜಡೆ ಹೆಣೆದುಕೊಳ್ಳುವಾಗ ನಡುವೆ ಕೈ ಇಳಿಸಿ ಸುಧಾರಿಸಿಕೊಳ್ಳುವಳು. ಅವಳ ಕೆಲಸವೂ ಅಮ್ಮನ ತಲೆಗೆ ಬಿದ್ದು ಅಮ್ಮ ಸೊರಗಿದಳು. ಅಮ್ಮನ ಸಿಡುಕಿಗೆ ಅಪ್ಪ ಸೊರಗಿದ. ಒಟ್ಟಿನಲ್ಲಿ ಮನೆಗೆ ಮನೆಯೇ ದಣಿದಿತ್ತು.

ಸಾಗರ ಪೇಟೆಯ ಕಡೆಯಿಂದ ಜೀಪಿನಲ್ಲಿ ಬರುತ್ತಿದ್ದ ಆರೋಗ್ಯ ಇಲಾಖೆಯವರು ಈ ಜ್ವರಕ್ಕೆ ಕಾರಣ ಉಣುಗು ಎನ್ನುತ್ತಿದ್ದರು. ದನದ ಮೈಗೆ ಕಚ್ಚಿಕೊಂಡಿರುತ್ತದಲ್ಲ, ಅದೇ ಉಣುಗು, ಮಂಗನ ಮೈಯಲ್ಲೂ ಇರುತ್ತದೆ. ಅದರ ಮರಿ ಸಾಸಿವೆ ಕಾಳಿಗಿಂತ ಚಿಕ್ಕದು, ಕಚ್ಚಿದ್ದೇ ತಿಳಿಯುವುದಿಲ್ಲ. ಸತ್ತ ಮಂಗನನ್ನು ಮುಟ್ಟಬೇಡಿ, ನಮಗೆ ಹೇಳಿ ಕಳಿಸಿ, ಪರೀಕ್ಷೆಗೆ ಒಯ್ಯುತ್ತೇವೆ ಎಂದು ಅವರು ಮನೆಮನೆಗೆ ಬಂದು ಹೇಳಿದ್ದರು. ಪರೀಕ್ಷೆ ಎಂದರೆ ಹನುಮಪ್ಪನನ್ನು ಕೊಯ್ಯುತ್ತಾರೆ ಎಂದು ಊರಿಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಮಂಗ ಸತ್ತರೆ ಜೀಪು ಬರುವುದರೊಳಗೆ ಸಂಸ್ಕಾರ ಮುಗಿಸುವ ಅವಸರ ಶುರುವಾಯಿತು. ಬಿಸಿನೀರು, ಅರಿಶಿನ ಒಂದನ್ನೂ ಬಿಡದೆ ಇನ್ನೂ ಹೆಚ್ಚು ಜನ ಸೇರಿ ಇನ್ನೂ ಬೇಗ ಮಾಡುತ್ತಿದ್ದರು. ಬೇಡ ಎಂದದ್ದನ್ನು ಇಷ್ಟು ಶ್ರದ್ಧೆಯಿಂದ ಮಾಡಲು ನಮ್ಮೂರವರಿಗೇ ಸಾಧ್ಯ.

ಆ ದಿನ ಕಪ್ಪು ಮೂತಿಯ ದೊಡ್ಡ ಮುಸಿಯವೊಂದು ನಮ್ಮ ಭತ್ತದ ಕಣದ ಅಂಚಿನಲ್ಲಿ ಸತ್ತು ಬಿದ್ದಿತ್ತು. ಸುಗ್ಗಿ ಮುಗಿದಿತ್ತು. ಬೆಳಗಿನ ಬಿಸಿಲಿಗೆ ಹುಲ್ಲು, ಸಗಣಿ ಸಾರಿಸಿದ ನೆಲ ಘಮ್ಮೆನ್ನುತ್ತಿದ್ದವು. ಮಂಗ ನಿದ್ದೆ ಹೋದ ಮುದುಕನ ಹಾಗೆ ಒಂದು ಕೈ ತಲೆಯಡಿ ಇಟ್ಟುಕೊಂಡು ಮಲಗಿತ್ತು. ನನಗೆ ಅಳು ಬಂತು.

ಅಜ್ಜಯ್ಯ, ಅಂದರೆ ಅಪ್ಪನ ಅಪ್ಪ, ಕೋಲೂರಿಕೊಂಡು ಬಂದು ಕೈಮುಗಿದು ನಿಂತರು. ಆಮೇಲೆ ಅಪ್ಪನ ಕಡೆ ತಿರುಗಿದರು. “ಎಂತ ನೋಡ್ತಾ ನಿಂತಿದ್ಯ? ಹಂಡೆಗೆ ಬೆಂಕಿ ಹಾಕಕ್ ಹೇಳು. ಹೊತ್ತೇರಿದ್ರೆ ಜೀಪಿನೋರು ಬತ್ತಾರೆ.”

ಅಪ್ಪ ಪಂಚೆ ಎತ್ತಿ ಕಟ್ಟಿದ. ಅಷ್ಟರಲ್ಲಿ ಜಗಲಿಯಲ್ಲಿದ್ದ ಅಕ್ಕ ಕಂಬ ಹಿಡಿದು ಎದ್ದಳು. ಅಂಗಳ ದಾಟಿ ಬರುವಷ್ಟರಲ್ಲಿ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ಮುಟ್ಬೇಡ ಅಪ್ಪಯ್ಯ. ನಿಂಗೂ ನನ್ನಂಗೇ ಆದ್ರೆ ಗದ್ದೆ ಯಾರು ಹೂಡ್ತಾರೆ? ನಮ್ಮನ್ನ ಯಾರು ನೋಡ್ತಾರೆ?”

“ಹೆಣ್ಣುಡುಗಿ ಮಾತು ಕೇಳಿ ಹನುಮಪ್ಪನ್ನ ನಾಯಿ ಪಾಲು ಮಾಡ್ತೀಯನಾ?” ಎಂದರು ಅಜ್ಜಯ್ಯ. ಆ ವೇಳೆಗೆ ಅಕ್ಕಪಕ್ಕದವರೂ ಬಂದು ಸೇರಿದ್ದರು. ಎಲ್ಲರೂ ಅಜ್ಜಯ್ಯನ ಕಡೆಗೇ. ಅಪ್ಪ ಇತ್ತ ಮಗಳನ್ನು ನೋಡುತ್ತಾನೆ, ಅತ್ತ ತಂದೆಯನ್ನು ನೋಡುತ್ತಾನೆ. ಆ ಮುಖದಲ್ಲಿದ್ದ ಸುಸ್ತು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಅಪ್ಪಂದಿರು ಆಫೀಸು ಮುಗಿಸಿ ಬಂದಾಗ ಇರುವ ಸುಸ್ತಲ್ಲ ಅದು. ಯಾವ ಕಡೆ ಕಾಲಿಟ್ಟರೂ ಮನೆಯವರನ್ನೇ ನೋಯಿಸಬೇಕಾದವನ ಸುಸ್ತು.

ಅಷ್ಟರಲ್ಲಿ ಜೀಪು ಬಂದೇ ಬಿಟ್ಟಿತು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದ ಒಬ್ಬ ಯುವಕ ಇಳಿದು, ಬರುತ್ತಲೇ ಕೂಗಿದ. “ದೂರ ನಿಲ್ಲಿ! ಸತ್ತ ಮೇಲೆ ಮೈ ತಣ್ಣಗಾಗುತ್ತೆ, ಉಣುಗು ಇಳಿದು ಬಿಸಿ ಇರೋ ಮೈ ಹುಡುಕ್ತವೆ!” ಜನ ದೂರ ನಿಲ್ಲುವ ಬದಲು ಮಂಗನ ಸುತ್ತ ಇನ್ನಷ್ಟು ಒತ್ತಾಗಿ ನಿಂತರು. ಒಬ್ಬರು ಕೊಡಲಿ ಕಾವನ್ನೂ ಕೈಗೆ ತೆಗೆದುಕೊಂಡರು.

ಆಗ ಅಕ್ಕ ನೆಲದ ಮೇಲೆ ಕೂತೇ ಬಿಟ್ಟಳು. ನಿಲ್ಲಲು ಅವಳಿಗೆ ಆಗಲಿಲ್ಲ. ಕೂತಲ್ಲಿಂದಲೇ ಮೆಲ್ಲಗೆ ಕೇಳಿದಳು. “ಅಜ್ಜಯ್ಯ, ದೊಡ್ಡಪ್ಪಯ್ಯ ಹೊಳೆ ಪಾಲಾದಾಗ ಎಂತ ಮಾಡಿದ್ರಿ?”

ದೊಡ್ಡಪ್ಪ ಅಜ್ಜಯ್ಯನ ಹಿರಿಮಗ. ಮಳೆಗಾಲದಲ್ಲಿ ದೋಣಿ ಮಗುಚಿ ಶರಾವತಿ ಹೊಳೆಯಲ್ಲಿ ಹೋದವರು. ದೇಹ ಸಿಕ್ಕಿರಲಿಲ್ಲ. ದರ್ಭೆ ಹುಲ್ಲಿನಲ್ಲಿ ಆಳಿನ ಆಕಾರ ಕಟ್ಟಿ, ಅದಕ್ಕೇ ಎಲ್ಲ ಸಂಸ್ಕಾರ ಮಾಡಿದ್ದರು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

“ಹುಲ್ಲಿಗೆ ಮಾಡಿದ್ದು ದೊಡ್ಡಪ್ಪಯ್ಯಂಗೆ ಮುಟ್ಟಿಲ್ವಾ ಹಂಗಾರೆ?” ಎಂದಳು ಅಕ್ಕ.

ಮುಟ್ಟಿಲ್ಲ ಎಂದು ಅಜ್ಜಯ್ಯ ಹೇಗೆ ಹೇಳಿಯಾರು? ಕೋಲೂರಿಕೊಂಡು ಒಳಗೆ ಹೋದರು. ದೇವರಕೋಣೆಯಲ್ಲಿ ಸಿಕ್ಕಿಸಿಟ್ಟಿದ್ದ ದರ್ಭೆ ತಂದು, ಸಾಲದ್ದಕ್ಕೆ ಕಣದ ಹುಲ್ಲು ಸೇರಿಸಿ, ತಾವೇ ಕೂತು ಕೈ, ಕಾಲು, ಉದ್ದನೆಯ ಬಾಲ ಕಟ್ಟಿದರು. ಜನವೂ ಒಬ್ಬೊಬ್ಬರಾಗಿ ಸತ್ತ ಮಂಗನಿಂದ ದೂರ ಸರಿದರು.

ಅಪ್ಪ ಆ ಹುಲ್ಲಿನ ಮಂಗನಿಗೆ ಬಿಸಿನೀರು ಹಾಕಿದಾಗ ನನಗೆ ಮೊದಲು ನಗು ಬಂತು. ಅಮ್ಮ ತೊಡೆ ಚಿವುಟಿದಳು. ಆದರೆ ಅಪ್ಪ ನೀರು ಬಿಸಿ ಹೆಚ್ಚಾಯಿತೇನೋ ಎಂದು ಕೈ ಅದ್ದಿ ನೋಡಿ, ತಣ್ಣೀರು ಬೆರೆಸಿ, ಮತ್ತೆ ಹಾಕಿದ. ಅದನ್ನು ನೋಡಿ ನನ್ನ ನಗು ನಿಂತುಹೋಯಿತು. ಅರಿಶಿನ ಹಚ್ಚಿದರು, ಬಟ್ಟೆ ಹೊದಿಸಿದರು, ಚಟ್ಟ ಎತ್ತಿದರು, ಭಜನೆ ಹಾಡಿದರು. ಆ ಯುವಕ ಅಷ್ಟು ಹೊತ್ತೂ ಜೀಪಿನ ಪಕ್ಕ ಸುಮ್ಮನೆ ಕಾದ. ಮೆರವಣಿಗೆ ತಿರುವು ದಾಟಿದ ಮೇಲೆ ಉದ್ದನೆಯ ಇಕ್ಕಳದಲ್ಲಿ ನಿಜವಾದ ಮಂಗನನ್ನು ಎತ್ತಿ ದೊಡ್ಡ ಡಬ್ಬಿಯೊಳಗೆ ಇಟ್ಟನೆಂದು ಮನೆಯಲ್ಲೇ ಉಳಿದಿದ್ದ ಅಕ್ಕ ಆಮೇಲೆ ಹೇಳಿದಳು. ನಾವು ಯಾರೂ ತಿರುಗಿ ನೋಡಲಿಲ್ಲ.

ಇಷ್ಟಕ್ಕೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಆ ವರ್ಷ ನಮ್ಮ ಮನೆಗೆ ಜ್ವರ ಬರಲಿಲ್ಲ. ಕಾಡಿನಿಂದ ತರಗೆಲೆ ತರುತ್ತಿದ್ದ ಪಕ್ಕದ ಮನೆಗೆ ಬಂತು. ಅಪ್ಪ ಹುಲ್ಲಿನಲ್ಲಿ ದೇವರನ್ನು ಏಮಾರಿಸಿದ್ದೇ ಕಾರಣ ಎಂದು ಕೆಲವರು ಆಡಿಕೊಂಡರು. ಅಪ್ಪನಾದರೂ ಎಷ್ಟು ಜನಕ್ಕೆ, ಎಷ್ಟು ಸಲ ಹೇಳುವುದು? ಇವತ್ತಿಗೂ ಬೇಸಿಗೆ ಬಂದರೆ ಮಂಗ ಸಾಯುತ್ತದೆ, ಜ್ವರದ ಸುದ್ದಿ ಬರುತ್ತದೆ. ಕಾಡಿಗೆ ಹೋಗುವಾಗ ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ.

ನಿಮ್ಮ ಪ್ರಪಂಚ ನಮ್ಮದಕ್ಕಿಂತ ಬುದ್ಧಿವಂತ, ಒಪ್ಪುತ್ತೇನೆ. ಜ್ವರಕ್ಕೆ ಕಾರಣ ಏನು ಎಂದು ನಿಮ್ಮ ಫೋನೇ ಹೇಳುತ್ತದೆ. ಆದರೆ ಕೊರೊನಾ ಬಂದಾಗ ನಾವೆಲ್ಲ ಸ್ಮಶಾನದ ಗೇಟಿನ ಹೊರಗೆ ನಿಂತಿದ್ದೆವಲ್ಲ, ನೆನಪಿದೆಯೇ? ನಿಮ್ಮ ಅಜ್ಜಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ನಿಮ್ಮಲ್ಲಿ ಚಿಕ್ಕವಳು ನನ್ನ ಅಂಗಿ ಜಗ್ಗಿ, “ಅಜ್ಜ, ಅಜ್ಜೀನ ಮುಟ್ಟಕ್ಕೂ ಬಿಡಲ್ವಾ?” ಎಂದು ಕೇಳಿದ್ದಳು. ನಾನು ಉತ್ತರ ಕೊಡಲಿಲ್ಲ. ಹುಲ್ಲು ಕಟ್ಟೋಣ ಎನ್ನಲು ಅಕ್ಕ ಇರಲಿಲ್ಲ, ನನಗೂ ಹೊಳೆಯಲಿಲ್ಲ. ಈಗ ಹೇಳುತ್ತೇನೆ, ಕೇಳು ಮಗಳೇ. ಅವರು ಬಿಡದೆ ಇದ್ದದ್ದೇ ಸರಿ. ಅದಕ್ಕೇ ಇವತ್ತು ನೀವೆಲ್ಲ ನನ್ನ ಮುಂದೆ ಕೂತು ಗಲಾಟೆ ಮಾಡುತ್ತಿದ್ದೀರಿ. ಆದರೂ ಇಷ್ಟು ವರ್ಷ ಜೊತೆಗಿದ್ದವಳಿಗೆ ಕೊನೆಯ ಒಂದು ತಂಬಿಗೆ ನೀರು ಹಾಕುವ ಕೆಲಸ ನನ್ನ ಕೈಯಲ್ಲಿ ಹಾಗೇ ಉಳಿದುಬಿಟ್ಟಿದೆ.