ಮೊದಲ ವರ್ಷದ ಹೂ

ಮೊನ್ನೆ ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ನಮ್ಮ ಮನೆಗೆ ತರುವಾಗ ಕಾರಿನ ಡಿಕ್ಕಿಯಲ್ಲಿ ಪೈನ್ ತೊಗಟೆಯ ಚೀಲ ಒಡೆಯಿತು. ಆ ಒಗರು ವಾಸನೆ ಮೂಗಿಗೆ ಹತ್ತಿದ್ದೇ, ಸಿಡ್ನಿಯ ಗಿರಾವೀನ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ಅಂಕಲ್, ಆಂಟಿ ನೆನಪಾದರು.

ಎಂಬತ್ತರ ದಶಕದ ಕೊನೆ. ನಾನು ಹೊಸದಾಗಿ ಬಂದ ಇಂಜಿನಿಯರ್. ಅಂಕಲ್ ಹೃದಯದ ಕಾಯಿಲೆಯಿಂದ ಲ್ಯಾಬ್ ಕೆಲಸ ಬಿಟ್ಟಿದ್ದರು. ಓದುವ ಕಾಲದಲ್ಲಿ ಕೆನಡಾದ ಕಾಡಿನಲ್ಲಿ ತಾನಾಗಿ ಬೆಳೆದ ಬ್ಲೂಬೆರಿ ತಿಂದಿದ್ದರಂತೆ. ಅಲ್ಲಿನವರು ಆ ಕಾಡುಹಣ್ಣನ್ನು ಹೊಲದ ಬೆಳೆಯಾಗಿಸಿದ್ದನ್ನೂ ನೋಡಿದ್ದರಂತೆ. ಸಿಡ್ನಿಯ ಪಶ್ಚಿಮದ ಬೆಟ್ಟದ ಮೇಲೆ, ಚಳಿ ಕಚ್ಚುವ ಕಡೆ, ಒಂದು ತುಂಡು ಜಮೀನಿನಲ್ಲಿ ಅದನ್ನೇ ನೆಟ್ಟರು. ಗಿಡಗಳ ಬುಡಕ್ಕೆ ಪೈನ್ ತೊಗಟೆ ಹೊದಿಸಿದವನು ನಾನು.

ಮೊದಲ ವಸಂತದಲ್ಲೇ ಗಿಡದ ತುಂಬ ಗಂಟೆಯಂಥ ಬಿಳಿ ಹೂ. ಎಲ್ಲವನ್ನೂ ಕಿತ್ತುಹಾಕಬೇಕು ಎಂದರು ಅಂಕಲ್. ಎರಡು ವರ್ಷ ಹಣ್ಣಾಗಲು ಬಿಡದಿದ್ದರೆ ಗಿಡ ಬಲಿಯುತ್ತದೆ, ಮೂರನೆಯ ವರ್ಷದಿಂದ ಫಸಲು. ಅಂಕಲ್, ಆಂಟಿ, ನಾನು ಮೂವರೂ ಕೀಳುತ್ತಿದ್ದೆವು. ಕೊನೆಯ ಸಾಲಿಗೆ ಬಂದಾಗ ಆಂಟಿ ಅಡ್ಡ ನಿಂತರು.

“ಇದೊಂದು ಸಾಲು ಬಿಡ್ರೀ. ಈ ವರ್ಷವೇ ನಾಲ್ಕು ಹಣ್ಣು ತಿನ್ನಿ.”

“ಯಾಕೆ? ಮುಂದಕ್ಕೆ ನಾನೆಲ್ಲಿ ಹೋಗ್ತೀನಿ?”

ಆಂಟಿ ಸಾಲಿನ ಮುಂದಿಂದ ಕದಲಲಿಲ್ಲ. ಅಂಕಲ್‌ಗೆ ಹೆಚ್ಚು ದಿನ ಇಲ್ಲವೆಂದು ಡಾಕ್ಟರ್ ಹೇಳಿದ್ದು ಮೂವರಿಗೂ ಗೊತ್ತಿತ್ತು.

“ನೀನೂ ಡಾಕ್ಟರ್ ಪಾರ್ಟಿ ಸೇರ್ಕೊಂಡ್ಬಿಟ್ಯಾ?” ಎಂದು ಅಂಕಲ್ ನಕ್ಕರು... ನಗು ಅರ್ಧಕ್ಕೇ ನಿಂತಿತು. ನನ್ನ ಕಡೆ ತಿರುಗಿದರು. “ಏನಯ್ಯಾ, ನೀನ್ಯಾವ ಪಾರ್ಟಿ?”

ಸುಮ್ಮನಿದ್ದೆ ಎಂದು ನನ್ನ ನೆನಪು. “ಅಂಕಲ್ ಹೇಳಿದ್ದೇ ಸರಿ ಅಂದ್ಬಿಟ್ಟೆ ನೀನು” ಎಂದು ಎಷ್ಟೋ ವರ್ಷದ ಮೇಲೆ ಆಂಟಿ ಫೋನಿನಲ್ಲಿ ಹೇಳಿದ್ದರು. ಯಾವುದು ನಿಜವೋ... ಅಂಕಲ್ ಮೊಣಕಾಲೂರಿ, ಏದುಸಿರು ಬಿಡುತ್ತ, ಆ ಸಾಲನ್ನು ಒಬ್ಬರೇ ಬರಿದು ಮಾಡಿದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಎಬ್ಬಿಸಲು ಹೋದ ಆಂಟಿಯ ಕೈಯನ್ನು ತಳ್ಳಿದರು.

ಮರುವಸಂತಕ್ಕೆ ಅವರಿರಲಿಲ್ಲ. ಆ ವರ್ಷವೂ ಗಿಡಗಳು ಹೂಬಿಟ್ಟವು. ಆಂಟಿ ಅತ್ತ ಸುಳಿಯಲಾರರು ಎಂದುಕೊಂಡಿದ್ದೆ. ಬಂದರು. ಕೊನೆಯ ಸಾಲನ್ನೂ ಬಿಡದೆ, ಎಲ್ಲ ಹೂವನ್ನೂ ತಾವೇ ಕಿತ್ತರು. “ಎರಡು ವರ್ಷ ಅಂದಿದ್ರಲ್ಲಪ್ಪ” ಎಂದರು, ಅಷ್ಟೆ.

ಮೂರನೆಯ ವರ್ಷ ಫಸಲು ಬಂತು. ಆಂಟಿ ಒಂದು ಹಣ್ಣನ್ನೂ ಬಾಯಿಗಿಡಲಿಲ್ಲ. ಆಮೇಲೆ ನಾನು ಮೆಲ್ಬರ್ನ್ ಸೇರಿದೆ. ಈಗ ಆಂಟಿಯೂ ಇಲ್ಲ.

ಮೊನ್ನೆ ತೊಗಟೆಯ ಜೊತೆಗೆ ತಂದದ್ದು ಒಂದು ಎಳೆಯ ಬ್ಲೂಬೆರಿ ಗಿಡ. ಆಗಲೇ ಹೂಬಿಟ್ಟಿದೆ. ಅಂಕಲ್‌ಗೆ ಸಿಗದ ವಯಸ್ಸು ನನಗೆ ಸಿಕ್ಕಿದೆ; ಇನ್ನೆಷ್ಟು ಎಂಬುದು ಗೊತ್ತಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಅದರ ಮುಂದೆ ಕುಳಿತು ಎದ್ದೆ. ಅಡ್ಡ ನಿಲ್ಲುವವರಿಲ್ಲ, ಯಾವ ಪಾರ್ಟಿ ಎಂದು ಕೇಳುವವರೂ ಇಲ್ಲ...

ಹೂ ಇನ್ನೂ ಗಿಡದಲ್ಲೇ ಇದೆ.